ಹೋರಿ ಮುಂದೆ ನಿಲ್ಲುವವರು, ಸೂಜಿ ಮುಂದೆ ಬಿದ್ದರು: ಒಂದು ಪ್ರಕರಣ

ನಾಯಿ ಕಚ್ಚಿದ್ದಕ್ಕೆ ಈ ಮನುಷ್ಯ ಹೆದರಲಿಲ್ಲ. ಸಂಜೆ ಹೊಲದಿಂದ ಬರುವಾಗ ಬೀದಿ ನಾಯಿಯೊಂದು ಕಾಲಿಗೆ ಬಾಯಿ ಹಾಕಿ ಓಡಿಹೋಯಿತು. ಮೀನಖಂಡದ ಮೇಲೆ ಹಲ್ಲು ತರಚಿದ ಗೀರು, ರಕ್ತ ಬರಲಿಲ್ಲ. ಮನೆಗೆ ಬಂದು ಸೋಪು ಹಚ್ಚಿ ತೊಳೆದು ಊಟ ಮಾಡಿ ಮಲಗಿದರು. ಅವರು ಹೆದರಿದ್ದು ಮರುದಿನ, ಆಸ್ಪತ್ರೆಯಲ್ಲಿ.

ಇವರನ್ನು ಇಲ್ಲಿ ಬಸಣ್ಣ ಅಂತ ಕರೆಯುತ್ತೇನೆ. ನಿಜವಾದ ಹೆಸರಲ್ಲ. ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹಾವೇರಿ ಕಡೆಯವರು, ವಯಸ್ಸು ಮೂವತ್ತು ದಾಟಿದೆ, ಮೆಕ್ಕೆಜೋಳ ಮತ್ತು ಮೆಣಸಿನಕಾಯಿ ಬೆಳೆಯುವ ಮನೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಇವರ ಹೆಸರು ಗೊತ್ತಿರುವುದು ಕೊಬ್ಬರಿ ಹೋರಿಯಿಂದ. ಈ ಆಟ ನೋಡದವರಿಗೆ ಒಂದು ಮಾತು: ದೀಪಾವಳಿಯ ಹೊತ್ತಿಗೆ ಹೋರಿಗಳನ್ನು ಸಿಂಗರಿಸಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿ, ಜನರ ನಡುವೆ ಓಡಲು ಬಿಡುತ್ತಾರೆ. ಎದುರು ನಿಂತ ಹುಡುಗರು ಆ ಕೊಬ್ಬರಿ ಹರಿಯಬೇಕು. ಕೈಕಾಲು ಮುರಿದುಕೊಳ್ಳುವವರು ಇದ್ದೇ ಇರುತ್ತಾರೆ. ಬಸಣ್ಣ ಹದಿನೆಂಟರ ವಯಸ್ಸಿನಿಂದ ಆ ಸಾಲಿನಲ್ಲಿ ಮುಂದೆ ನಿಂತವರು.

ಅಂಥವರು ರೇಬಿಸ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡು ಎದ್ದು ನಿಂತ ಕೂಡಲೇ ಧಪ್ಪಂತ ಬಿದ್ದರು. ಬೆಂಚಿನ ಮೂಲೆ ಹಣೆಗೆ ಬಡಿದು ಬಾವು ಬಂತು. ಸುತ್ತ ಇದ್ದವರು ನಕ್ಕರು. ‘ಹೋರಿ ಹಿಡಿಯೋ ಗಂಡಸು, ಸೂಜಿಗೆ ಹಿಂಗ ಮಾಡ್ತಾನ’ ಅಂತ ಯಾರೋ ಅಂದದ್ದು ಅವರ ಕಿವಿಗೆ ಬಿತ್ತು. ಎರಡನೇ ಡೋಸಿನ ದಿನ ಆಸ್ಪತ್ರೆಯ ಗೇಟಿನ ತನಕ ಹೋಗಿ ಬೈಕ್ ತಿರುಗಿಸಿಕೊಂಡು ಮನೆಗೆ ಬಂದರು. ಹೆಂಡತಿಗೆ ‘ಹಾಕಿಸ್ಕೊಂಡೆ’ ಅಂತ ಸುಳ್ಳು ಹೇಳಿದರು. ಲಸಿಕೆ ಚೀಟಿ ನೋಡಿದಾಗ ಆಕೆಗೆ ಗೊತ್ತಾಯಿತು.

ಇಲ್ಲಿ ಆಟ ಆಡುವಂತಿಲ್ಲ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲಸಿಕೆ ಸರಿಯಾಗಿ ಪೂರ್ತಿ ಹಾಕಿಸಿಕೊಂಡರೆ ಬಹುತೇಕ ತಪ್ಪಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕೊಡುವ ಲಸಿಕೆ ಇರುತ್ತದೆ: ಶುರುವಿನ ದಿನ, ಆಮೇಲೆ 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿ ಲೀಟರ್. ಹೊಕ್ಕಳ ಸುತ್ತ 14 ಸೂಜಿ ಚುಚ್ಚುತ್ತಿದ್ದ ಕಾಲ ಹೋಗಿ ಸುಮಾರು ಇಪ್ಪತ್ತು ವರ್ಷವಾಯಿತು. ಆದರೆ ಹಳ್ಳಿಯ ಕಟ್ಟೆಗಳ ಮೇಲೆ ಆ 14 ಸೂಜಿಯ ಕಥೆ ಇನ್ನೂ ನಡೆದೇ ಇದೆ. ಬಸಣ್ಣನವರೂ ಅದನ್ನೇ ಕೇಳಿ ಬೆಳೆದವರು.

ನಾನಿರುವುದು ಹುಬ್ಬಳ್ಳಿಯಲ್ಲಿ, ಮನಶ್ಶಾಸ್ತ್ರದ ಸಮಾಲೋಚನೆ ನನ್ನ ಕೆಲಸ. ಹೆಂಡತಿ ಅವರನ್ನು ಬಸ್ ಹತ್ತಿಸಿ ಕರೆತಂದಿದ್ದರು. ಬಸಣ್ಣ ಕುರ್ಚಿಯಲ್ಲಿ ಕೂತು ನೆಲ ನೋಡುತ್ತಾ ಮೊದಲು ಹೇಳಿದ ಮಾತು: “ಹೋರಿ ಮುಂದ ನಿಂದ್ರತೀನ್ರಿ ಮೇಡಂ. ಸೂಜಿ ಮುಂದ ನಿಂದ್ರಾಕ ಆಗವಲ್ದು.”

ಆಕೆ ನಡುವೆ ಬಾಯಿ ಹಾಕಿದರು. “ಒಂದ್ ಕ್ವಾರ್ಟರ್ ಹಾಕ್ಕೊಂಡ್ ಹೋಗು ಅಂತ ಇವರ ಗೆಳ್ಯಾರು ಹೇಳ್ಯಾರ್ರಿ. ಹಂಗ ಮಾಡಬಹುದೇನ್ರಿ?” ಕೇಳಿದ್ದು ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ‘ಯಾಕೆ ಹೆದರುತ್ತೀರಿ’ ಅಂತಲ್ಲ. ‘ಬೀಳುವ ಮುಂಚೆ ಮೈಯಲ್ಲಿ ಏನೇನು ಆಗುತ್ತದೆ, ಒಂದೊಂದಾಗಿ ಹೇಳಿ’ ಅಂತ. ಬಸಣ್ಣ ಚೆನ್ನಾಗಿ ಹೇಳಿದರು. ಮೊದಲು ಎದೆ ಡವಡವ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಅದು ನಿಂತೇ ಹೋದಂತಾಗುತ್ತದೆ. ಆಕಳಿಕೆ ಬರುತ್ತದೆ. ಕತ್ತಿನ ಹಿಂದೆ ತಣ್ಣಗೆ ಬೆವರು. ಹೊಟ್ಟೆ ತೊಳಸುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಜನರ ಮಾತು ದೂರದಿಂದ ಬಂದಂತೆ ಕೇಳುತ್ತದೆ. “ಆಮ್ಯಾಲ ಕಣ್ಣಿಗೆ ಕತ್ತಲಿ ಬಂದು ಬವಳಿ ಬರತೈತ್ರಿ, ಮುಂದಿಂದು ನನಗ ಗೊತ್ತಾಗಂಗಿಲ್ಲ.”

ಈ ಆಕಳಿಕೆ ಮತ್ತು ಎದೆಬಡಿತ ಇಳಿಯುವುದು, ಇವೆರಡರಲ್ಲೇ ಅರ್ಧ ಉತ್ತರ ಇದೆ.

ಫೋಬಿಯಾ ಅಂದರೆ ಸುಮ್ನೆ ಭಯ ಅಲ್ಲ. ಅಪಾಯಕ್ಕೆ ತಕ್ಕದ್ದಲ್ಲದ ಭಯ, ಪ್ರತಿ ಸಲ ಬರುವ ಭಯ, ಜೀವನಕ್ಕೆ ಅಡ್ಡಬರುವಷ್ಟು ಭಯ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಸಾಮಾನ್ಯವಾಗಿ 6 ತಿಂಗಳಾದರೂ ಇರಬೇಕು. ಒಂದು ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ಫೋಬಿಯಾಗಳಲ್ಲಿ ಪ್ರಾಣಿಗಳದ್ದು ಒಂದು ಬಗೆ, ಎತ್ತರ, ನೀರು, ಗುಡುಗು ಇಂಥವು ಇನ್ನೊಂದು, ಲಿಫ್ಟು, ವಿಮಾನದಂಥವು ಮತ್ತೊಂದು. ರಕ್ತ, ಸೂಜಿ, ಗಾಯ ಈ ಮೂರೂ ಸೇರಿ ಒಂದೇ ಬಗೆ, ಮತ್ತು ಇದು ಉಳಿದವುಗಳಿಗಿಂತ ಪೂರ್ತಿ ಬೇರೆ ಥರ ನಡೆದುಕೊಳ್ಳುತ್ತದೆ.

ನಾಯಿ ಕಂಡರೆ ನಡುಗುವವರು, ಹಲ್ಲಿ ಕಂಡರೆ ಮಂಚ ಹತ್ತುವವರು ಸಾಮಾನ್ಯವಾಗಿ ಎಚ್ಚರ ತಪ್ಪಿ ಬೀಳುವುದಿಲ್ಲ. ಭಯದಲ್ಲಿ ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಮೈ ಓಡಲು ಸಜ್ಜಾಗುತ್ತದೆ. ಬಿಪಿ ಏರಿದ್ದಾಗ ಬವಳಿ ಬರುವುದು ಅಪರೂಪ. ಸೂಜಿಯ ಫೋಬಿಯಾದಲ್ಲಿ ಮೊದಲು ಹೀಗೇ ಏರುತ್ತದೆ, ಆಮೇಲೆ ಏಕ್‌ದಮ್ ಇಳಿಯುತ್ತದೆ. ವೇಗಸ್ ಅನ್ನುವ ನರ ಹೃದಯವನ್ನು ನಿಧಾನ ಮಾಡುತ್ತದೆ, ಅದೇ ಹೊತ್ತಿಗೆ ರಕ್ತನಾಳಗಳು ಸಡಿಲಾಗುತ್ತವೆ, ರಕ್ತ ಕಾಲಿನ ಕಡೆ ನಿಂತುಬಿಡುತ್ತದೆ. ನಲ್ಲಿಯಲ್ಲಿ ಒತ್ತಡ ಕಡಿಮೆ ಆದ ದಿನ ಮೇಲಿನ ಮಹಡಿಗೆ ನೀರು ಏರದೇ ಇರುವುದು ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ. ಮಿದುಳಿಗೂ ಅದೇ ಗತಿ. ಮನುಷ್ಯ ಬೀಳುತ್ತಾನೆ, ಮಲಗಿದ ಕೂಡಲೇ ತಲೆಗೆ ರಕ್ತ ಹೋಗಿ ಎಚ್ಚರ ಆಗುತ್ತದೆ.

ಇದರಲ್ಲಿ ಧೈರ್ಯದ ಪ್ರಶ್ನೆ ಎಲ್ಲಿ ಬಂತು? ‘ಗಂಡಸಾಗಿ’ ಅಂತ ಶುರುವಾಗುವ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ವೇಗಸ್ ನರ ಗಂಡಸು, ಹೆಂಗಸು ನೋಡುವುದಿಲ್ಲ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಮನೆತನದಲ್ಲೂ ಹರಿದು ಬರುತ್ತದೆ. ಬಸಣ್ಣನವರದ್ದೂ ಹಾಗೇ. ಐದನೇ ಇಯತ್ತೆಯಲ್ಲಿ ಶಾಲೆಗೆ ಟಿಟಿ ಇಂಜೆಕ್ಷನ್ ಕೊಡಲು ಬಂದಾಗ ಸಾಲಿನಲ್ಲಿ ನಿಂತಲ್ಲೇ ಬಿದ್ದಿದ್ದರು. ಅವರ ಅಪ್ಪ ರಕ್ತ ತೆಗೆಯುವಾಗ ಎರಡು ಸಲ ಬಿದ್ದವರಂತೆ. ಅದು ಮನೆಯಲ್ಲಿ ನಗುವ ವಿಷಯ ಆಗಿತ್ತೇ ಹೊರತು ಯಾರೂ ಅದನ್ನು ಕಾಯಿಲೆ ಅಂದುಕೊಂಡಿರಲಿಲ್ಲ.

ಶಾಲೆಯಲ್ಲಿ ಬಿದ್ದದ್ದಕ್ಕಿಂತ ಆಮೇಲೆ ನಡೆದದ್ದು ದೊಡ್ಡದು. ಇಪ್ಪತ್ತು ವರ್ಷ ಬಸಣ್ಣ ಸೂಜಿಯ ಹತ್ತಿರ ಹೋಗಲಿಲ್ಲ. ಕುಡುಗೋಲು ತಾಗಿದರೂ ಟಿಟಿ ಇಲ್ಲ. ತಮ್ಮ ರಕ್ತದ ಗುಂಪು ಯಾವುದು ಅಂತ ಗೊತ್ತಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೂ ಇವರು ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ. ತಾಯಿಗೆ ಸಲೈನ್ ಹಚ್ಚಿದಾಗ ಆಸ್ಪತ್ರೆಯ ಹೊರಗೆ ಚಹಾದಂಗಡಿಯಲ್ಲಿ ಕೂತವರು. ಒಂದು ದವಡೆ ಹಲ್ಲು ಹುಳುಕಾಗಿ ವರ್ಷಗಳಿಂದ ನೋಯುತ್ತಿದೆ, ಲವಂಗ ಇಟ್ಟುಕೊಂಡು ಕಾಲ ತಳ್ಳುತ್ತಿದ್ದಾರೆ. ಪ್ರತಿ ಸಲ ತಪ್ಪಿಸಿಕೊಂಡಾಗ ಒಂದು ನಿರಾಳ ಸಿಗುತ್ತದೆ ನೋಡಿ, ಫೋಬಿಯಾ ಬೆಳೆಯುವುದೇ ಆ ನಿರಾಳದಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ಇದನ್ನು ಹೇಳಿದ್ದರು: ಭಯ ಹುಟ್ಟುವುದು ಒಂದು ಘಟನೆಯಿಂದ ಇರಬಹುದು, ಉಳಿಯುವುದು ಮಾತ್ರ ತಪ್ಪಿಸಿಕೊಳ್ಳುವುದರಿಂದ.

“ಮತ್ತ ಹೋರಿ ಹಬ್ಬದಾಗ ರಕ್ತ ನೋಡಿಲ್ಲೇನ್ರಿ?” ಅಂತ ಕೇಳಿದೆ. “ನೋಡ್ತೀನ್ರಿ, ಆದ್ರ ಆವಾಗ ಏನೂ ಆಗಂಗಿಲ್ಲ. ಆಟ ಮುಗಿದು ಕುಂತಾಗ ಯಾರದರ ಗಾಯ ನೋಡಿದ್ರ ಮಾತ್ರ ಒಂಥರಾ ಆಗತೈತಿ.”

ಈ ಉತ್ತರ ಕೇಳಿ ನನಗೆ ಖುಷಿಯಾಯಿತು. ಹೋರಿ ಮುಂದೆ ನಿಂತಾಗ ತೊಡೆ, ಹೊಟ್ಟೆ, ಭುಜ, ಮುಷ್ಟಿ ಎಲ್ಲ ಬಿಗಿಯಾಗಿರುತ್ತವೆ. ಬಿಗಿಯಾದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಬಿಪಿ ಇಳಿಯಲು ಬಿಡುವುದಿಲ್ಲ. ಚಿಕಿತ್ಸೆಗೆ ಬೇಕಾದ ಮದ್ದು ಅವರ ಮೈಯಲ್ಲೇ ಇತ್ತು, ಅದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಬಳಸಬಹುದು ಅಂತ ಯಾರೂ ಹೇಳಿರಲಿಲ್ಲ.

ಫೋಬಿಯಾ ಚಿಕಿತ್ಸೆಯ ಹಳೆಯ ದಾರಿ ಬೇರೆ. ಮೇರಿ ಕವರ್ ಜೋನ್ಸ್ 1924ರಲ್ಲಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಅನ್ನುವ ಮಗುವಿಗೆ ತಿನ್ನಲು ಕೊಟ್ಟು, ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಬರೆದರು. ಜೋಸೆಫ್ ವೋಲ್ಪೆ 1958ರಲ್ಲಿ ಅದಕ್ಕೊಂದು ಪದ್ಧತಿ ಕೊಟ್ಟರು: ಮೈ ಪೂರ್ತಿ ಸಡಿಲ ಬಿಟ್ಟು, ಭಯದ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತುವುದು. ಇವತ್ತಿಗೂ ನಾಯಿ, ಹಲ್ಲಿ, ಲಿಫ್ಟು, ಎತ್ತರ ಯಾವುದೇ ಇರಲಿ, ಹೆದರುವ ವಸ್ತುವಿನ ಎದುರು ಹಂತಹಂತವಾಗಿ ನಿಲ್ಲುವುದೇ ಮುಖ್ಯ ಚಿಕಿತ್ಸೆ. ಆದರೆ ಸೂಜಿಗೆ ಬೀಳುವವರಿಗೆ ‘ಉಸಿರು ಬಿಡಿ, ಮೈ ಸಡಿಲ ಬಿಡಿ’ ಅಂದರೆ? ಮೊದಲೇ ಇಳಿಯುವ ಬಿಪಿಯನ್ನು ಇನ್ನಷ್ಟು ಇಳಿಸಿದಂತೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆ ಮಾತು ಇಲ್ಲಿ ಉಲ್ಟಾ ಹೊಡೆಯುತ್ತದೆ. ಕ್ವಾರ್ಟರಿನ ಸಲಹೆಯೂ ಅಷ್ಟೇ, ಹೆಂಡ ರಕ್ತನಾಳ ಸಡಿಲಿಸುತ್ತದೆ, ಮೈಯ ನೀರನ್ನೂ ಕಳೆಯುತ್ತದೆ.

ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೆ ತಕ್ಕ ಉಪಾಯ ಬೆಳೆಸಿದರು. ಸಡಿಲ ಬಿಡಬೇಡಿ, ಬಿಗಿ ಹಿಡಿಯಿರಿ. ಕೈ, ಎದೆ, ಕಾಲಿನ ಸ್ನಾಯುಗಳನ್ನು 10ರಿಂದ 15 ಸೆಕೆಂಡ್, ಮುಖಕ್ಕೆ ಬಿಸಿ ಏರುವ ತನಕ ಬಿಗಿ ಹಿಡಿಯುವುದು. ಆಮೇಲೆ 20ರಿಂದ 30 ಸೆಕೆಂಡ್ ಮಾಮೂಲಿ ಸ್ಥಿತಿಗೆ ಬರುವುದು, ಜೋತು ಬೀಳುವಷ್ಟು ಸಡಿಲ ಅಲ್ಲ. ಹೀಗೆ ಐದು ಸಲ. ಅಪ್ಲೈಡ್ ಟೆನ್ಶನ್ ಅಂತ ಇದರ ಹೆಸರು. ಒಂದೇ ಉದ್ದನೆಯ ಬೈಠಕ್ಕಿನಲ್ಲಿ ಕಲಿಸಿದರೂ ಫಲ ಸಿಗುತ್ತದೆ ಅಂತ ಓಸ್ಟ್ ತಂಡವೇ 1990ರ ದಶಕದಲ್ಲಿ ತೋರಿಸಿತು. ನಮಗೆ ವಾರಗಟ್ಟಲೆ ಸಮಯ ಇರಲಿಲ್ಲ, ಹಾಗಾಗಿ ಈ ಕೊನೆಯ ಮಾತೇ ನಮಗೆ ಬೇಕಾಗಿದ್ದು.

ಶುರು ಮಾಡುವ ಮುಂಚೆ ಎರಡು ಕೆಲಸ. ಒಂದು, ಲಸಿಕೆಯ ಲೆಕ್ಕ. ಅದು ನನ್ನ ಕೆಲಸ ಅಲ್ಲ, ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿದೆ. ಡೋಸ್ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸೋಣ, ಆದರೆ ನಾಳೆಯೇ ಬರಲಿ ಅಂದರು. ಎರಡು, ಬವಳಿಯ ಹಿಂದೆ ಹೃದಯದ ತೊಂದರೆ ಇದೆಯಾ ಅನ್ನುವುದು. ಓಡುವಾಗ ಬೀಳುವವರು, ಯಾವ ಕಾರಣವೂ ಇಲ್ಲದೇ ಬೀಳುವವರು ನನ್ನ ಬಳಿ ಅಲ್ಲ, ವೈದ್ಯರ ಬಳಿ ಮೊದಲು ಹೋಗಬೇಕು. ಬಸಣ್ಣ ಹೋರಿ ಹಿಂದೆ ಓಡಿ ಒಮ್ಮೆಯೂ ಬಿದ್ದವರಲ್ಲ. ಅದೇ ದಿನ ಕೆಳಗಿನ ಮಹಡಿಯ ಡಾಕ್ಟರು ಇಸಿಜಿ, ಬಿಪಿ ನೋಡಿ ಸರಿ ಇದೆ ಅಂದರು. ಬಿಪಿ ಜಾಸ್ತಿ ಇರುವವರು, ಹೃದ್ರೋಗಿಗಳು, ಬಸುರಿಯರು ವೈದ್ಯರನ್ನು ಕೇಳದೇ ಈ ಬಿಗಿ ಹಿಡಿಯುವ ಅಭ್ಯಾಸ ಮಾಡಬಾರದು.

ಅಭ್ಯಾಸ ಮೊದಲಿಗೆ ಸರಿ ಬರಲಿಲ್ಲ. ‘ಸ್ನಾಯು ಬಿಗಿ ಮಾಡಿ’ ಅಂದರೆ ಬಸಣ್ಣ ಉಸಿರು ಕಟ್ಟಿ, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡರು. ಆಮೇಲೆ ತಲೆನೋವು ಅಂದರು. ಹೆಚ್ಚು ಬಿಗಿದರೆ ಹೀಗಾಗುತ್ತದೆ. ಆಗ ಬೇರೆ ಥರ ಹೇಳಿದೆ: “ಹೋರಿ ಬಿಡೂಕಿಂತ ಮದಲ ಮೈ ಹ್ಯಾಂಗ ಹಿಡಿತೀರಿ? ಕುಂತಲ್ಲೇ ಹಂಗ ಹಿಡೀರಿ ನೋಡೂಣು.” ಕ್ಷಣದಲ್ಲಿ ಮನುಷ್ಯನ ಕೂರುವ ರೀತಿಯೇ ಬದಲಾಯಿತು. ಪಾದ ನೆಲಕ್ಕೆ ಊರಿದವು, ತೊಡೆ ಗಟ್ಟಿಯಾದವು, ಹೊಟ್ಟೆ ಒಳಗೆ ಹೋಯಿತು, ಉಸಿರು ಮಾತ್ರ ಆಡುತ್ತಲೇ ಇತ್ತು. ಎಡಗೈಗೆ ಬಿಪಿ ಮಷಿನ್ ಹಚ್ಚಿದ್ದೆ. ಬಿಗಿ ಹಿಡಿಯುವ ಮುಂಚಿನ ಅಂಕಿ, ಹಿಡಿದ ಮೇಲಿನ ಅಂಕಿ ಎರಡನ್ನೂ ಅವರೇ ಓದಿದರು. ನನ್ನ ಭಾಷಣಕ್ಕಿಂತ ಆ ಎರಡು ಅಂಕಿ ಜಾಸ್ತಿ ಕೆಲಸ ಮಾಡಿದವು.

ಆಮೇಲೆ ಮೆಟ್ಟಿಲು. ಸೊನ್ನೆಯಿಂದ ಹತ್ತರ ತನಕ ಭಯಕ್ಕೆ ಅಂಕ ಕೊಡಿ ಅಂದೆ. ಸಿರಿಂಜಿನ ಚಿತ್ರಕ್ಕೆ ಮೂರು. ಮುಚ್ಚಳ ಹಾಕಿದ ಸಿರಿಂಜು ಕೈಯಲ್ಲಿ ಹಿಡಿಯಲು ಐದು. ಮುಚ್ಚಳ ತೆಗೆದರೆ ಏಳು. ರಕ್ತ ತೆಗೆಯುವ ವಿಡಿಯೋ ಎಂಟು. ನಾನು ಎಣಿಸದೇ ಇದ್ದದ್ದು ಒಂದು ಬಂತು: ಸ್ಪಿರಿಟ್ ಹಚ್ಚಿದ ಹತ್ತಿ. ಅದಕ್ಕೆ ಒಂಬತ್ತು ಕೊಟ್ಟರು. ಸೂಜಿಗಿಂತ ಆ ವಾಸನೆಯೇ ಅವರನ್ನು ಶಾಲೆಯ ಆ ಸಾಲಿಗೆ ಒಯ್ಯುತ್ತಿತ್ತು.

ಚಿತ್ರ, ಮುಚ್ಚಿದ ಸಿರಿಂಜು ಬೇಗ ಮುಗಿದವು. ವಿಡಿಯೋದಲ್ಲಿ ಸೂಜಿ ಒಳಗೆ ಹೋದಾಗ ಬಸಣ್ಣ ಆಕಳಿಸಿದರು. ತುಟಿ ಬಿಳಿಚಿತು. ಇದೇ ನಾವು ಕಾಯುತ್ತಿದ್ದ ಗಳಿಗೆ. “ಈಗ ಹಿಡೀರಿ” ಅಂದೆ. ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ವಿಡಿಯೋ ನಿಲ್ಲಿಸಲಿಲ್ಲ, ಅವರು ಕಣ್ಣೂ ತಿರುಗಿಸಲಿಲ್ಲ. ಮೂರನೇ ಸಲಕ್ಕೆ ತುಟಿಗೆ ಬಣ್ಣ ಬಂತು. ಬೀಳುವ ಮುಂಚಿನ ಸೂಚನೆ ಬಂದರೂ ಬೀಳದೇ ಉಳಿದದ್ದು ಅವರ ಜೀವನದಲ್ಲಿ ಅದೇ ಮೊದಲು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಆ ವಿಡಿಯೋ ಮತ್ತೆ ಮತ್ತೆ ಹಾಕಿದೆವು, ಬೇಸರ ಬರುವ ತನಕ. ಫೋಬಿಯಾ ಚಿಕಿತ್ಸೆಯಲ್ಲಿ ಬೇಸರ ಬಂತು ಅಂದರೆ ಒಳ್ಳೆಯ ಲಕ್ಷಣ.

ಸ್ಪಿರಿಟ್ ಹತ್ತಿಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮೊದಲು ಬಾಗಿಲ ಬಳಿ, ಆಮೇಲೆ ಮೇಜಿನ ಮೇಲೆ, ಕೊನೆಗೆ ತೋಳಿಗೆ ಹಚ್ಚಿ. ಸಂಜೆ ಆರರ ಹೊತ್ತಿಗೆ ಒಂಬತ್ತು ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಸೊನ್ನೆ ಆಗಲಿಲ್ಲ, ಆಗುವ ತನಕ ಕಾಯುವ ಅಗತ್ಯವೂ ಇಲ್ಲ.

ಮರುದಿನಕ್ಕೆ ಏನೇನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ (ವಾಂತಿ ಆದೀತು ಅಂತ ಮೊದಲ ಸಲ ಏನೂ ತಿಂದಿರಲಿಲ್ಲ), ರೊಟ್ಟಿ ತಿಂದು ಎರಡು ಲೋಟ ನೀರು ಕುಡಿದು ಹೋಗಿ. ನರ್ಸ್ ಅಕ್ಕನಿಗೆ ಮೊದಲೇ ಹೇಳಿ, ಮಲಗಿಸಿ ಕೊಡಲು ಕೇಳಿ. ಸೂಜಿ ಹಾಕುವ ತೋಳು ಮಾತ್ರ ಸಡಿಲ ಇರಲಿ, ಇಲ್ಲದಿದ್ದರೆ ನೋವು ಜಾಸ್ತಿ. ಕಾಲು, ಹೊಟ್ಟೆ ಬಿಗಿ ಹಿಡಿಯಿರಿ. ಆದ ಮೇಲೆ ಗಡಬಡಿಸಿ ಏಳಬೇಡಿ, ಸ್ವಲ್ಪ ಹೊತ್ತು ಮಲಗಿ, ಕಾಲು ಇಳಿಬಿಟ್ಟು ಕೂತು, ಆಮೇಲೆ ನಿಲ್ಲಿ. ಹೇಳುವುದಕ್ಕೆ ನಾಚಿಕೆ ಅನ್ನಿಸಿದರೆ ಈ ಹಾಳೆಯನ್ನೇ ತೋರಿಸಿ ಅಂದೆ. ಹಾಳೆ ತೋರಿಸಿದ್ದು ಬಸಣ್ಣ ಅಲ್ಲ, ಅವರ ಹೆಂಡತಿ. ನರ್ಸ್ ಓದಿ ‘ಬರ್ರಿ ಅಣ್ಣಾರ, ಮಕ್ಕೋರಿ’ ಅಂತ ಮಂಚ ತೋರಿಸಿದರಂತೆ, ಅಷ್ಟೇ.

ಬೀಳಲಿಲ್ಲ. ಕಿವಿ ಗುಂಯ್ ಅಂದಿತಂತೆ, ಬೆವರೂ ಬಂತಂತೆ. ಮುಂದಿನ ಡೋಸಿಗೆ ತೋಳು ನೋಡಿಕೊಂಡೇ ಹಾಕಿಸಿಕೊಂಡರು. ಚರ್ಮದೊಳಗೆ ಕೊಡುವ ಲಸಿಕೆ ಸೊಳ್ಳೆ ಕಚ್ಚಿದಷ್ಟು ಚಿಕ್ಕ ಗುಳ್ಳೆ ಎಬ್ಬಿಸುತ್ತದೆ. “ಇಷ್ಟ ಏನ್ರಿ ಇದು!” ಅಂತ ಫೋನಿನಲ್ಲಿ ಹೇಳಿದರು, ಸ್ವಲ್ಪ ಮೋಸ ಹೋದವರ ಧ್ವನಿಯಲ್ಲಿ. ನಡುವೆ ಮನೆಯಲ್ಲಿ ದಿನವೂ ಬಿಗಿ ಹಿಡಿಯುವ ಅಭ್ಯಾಸ ನಡೆದಿತ್ತು. ಕೊನೆಯ ಡೋಸ್ ಕೂತುಕೊಂಡೇ ಆಯಿತು, ಮಲಗಲಿಲ್ಲ.

ಮಾತ್ರೆ ಯಾಕೆ ಕೊಡಿಸಲಿಲ್ಲ ಅಂತ ಕೆಲವರು ಕೇಳುತ್ತಾರೆ. ಆತಂಕ ತಗ್ಗಿಸುವ ಮಾತ್ರೆ ಆ ಹೊತ್ತಿಗೆ ಮಂಪರು ತರಬಹುದು, ಆದರೆ ‘ನಾನು ಎದುರಿಸಿದೆ, ಏನೂ ಆಗಲಿಲ್ಲ’ ಅನ್ನುವ ಕಲಿಕೆಗೆ ಅದು ಅಡ್ಡಿ. ಒಂದೇ ವಸ್ತುವಿಗೆ ಅಂಟಿದ ಫೋಬಿಯಾಗಳಿಗೆ ಮಾತ್ರೆ ಮೊದಲ ಆಯ್ಕೆ ಅಲ್ಲ. ಅದರ ಜೊತೆ ಬೇರೆ ಆತಂಕ, ಖಿನ್ನತೆ ಇದ್ದರೆ ಮನೋವೈದ್ಯರು ನೋಡಬೇಕು. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗ ಇವೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪೂರ್ತಿ ಗುಣ ಆಯಿತು ಅಂತ ನಾನು ಬರೆಯುವುದಿಲ್ಲ. ಲಸಿಕೆ ಮುಗಿದ ಮೇಲೆ ಬಸಣ್ಣ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟರು, ಜೊತೆಗೇ ರಕ್ತದ ಗುಂಪೂ ಗೊತ್ತಾಯಿತು. ಸೂಜಿ ಒಂದು ಮಟ್ಟಿಗೆ ಗೆದ್ದಂತೆ. ಆದರೆ ಬೇರೆಯವರ ಗಾಯ ಇನ್ನೂ ಕಷ್ಟ. ಈ ಸಲದ ಹೋರಿ ಹಬ್ಬದಲ್ಲಿ ಒಬ್ಬ ಹುಡುಗನ ಮೊಣಕೈ ಹರಿದಾಗ ಕಣ್ಣಿಗೆ ಕತ್ತಲೆ ಬಂತಂತೆ, ಕೂತು ಬಿಗಿ ಹಿಡಿದು ಸುಧಾರಿಸಿಕೊಂಡರಂತೆ. ಅಭ್ಯಾಸ ಬಿಟ್ಟು ತಿಂಗಳುಗಳೇ ಆಗಿತ್ತು ಅಂತ ಒಪ್ಪಿಕೊಂಡರು. ಬಿಟ್ಟರೆ ಭಯ ಸ್ವಲ್ಪ ಮರಳುವುದು ಸಹಜ. ಮತ್ತೆ ಶುರು ಮಾಡಿಸಿದ್ದೇನೆ.

ಮಗಳಿಗೆ ಆರು ವರ್ಷ. ಆಕೆಗೂ ಇಂಜೆಕ್ಷನ್ ಅಂದರೆ ಅಳು, ಅದು ಆ ವಯಸ್ಸಿಗೆ ಇರುವುದೇ, ಈಗಲೇ ಹೆಸರು ಹಚ್ಚಬೇಡಿ ಅಂದಿದ್ದೇನೆ. ‘ಸೂಜಿ ಮಾಡಿಸ್ತೀನಿ ನೋಡು’ ಅಂತ ಹೆದರಿಸಿ ಊಟ ಮಾಡಿಸುವ ಅಭ್ಯಾಸ ಆ ಮನೆಯಲ್ಲಿ ಇತ್ತು. ಅದನ್ನು ನಿಲ್ಲಿಸಿದ್ದಾರೆ.

ದವಡೆ ಹಲ್ಲು ಮಾತ್ರ ಇನ್ನೂ ಬಾಯಲ್ಲೇ ಇದೆ. ಒಸಡಿಗೆ ಸೂಜಿ ಅಂದರೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದಾರೆ. ಮೆಣಸಿನಕಾಯಿ ಮಾರಿದ ಮೇಲೆ ಬರುತ್ತೇನೆ ಅಂದಿದ್ದಾರೆ. ಹೆಂಡತಿ ತಾರೀಖು ಬರೆಸಿಕೊಂಡು ಹೋಗಿದ್ದಾರೆ.